ವಿಷದ ಮುಳ್ಳಿಗೂ ಕಾಯಲಾಗದ ಹಳದಿಗಣ್ಣಿನ ಬಂಡೆಮೀನು

ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಎರಡು ದಶಕದಿಂದ ಮೀನುಗಾರರಿಗೆ ಮುಚ್ಚಿದ್ದ ಆಳಕಡಲಿನ ಜಾಗಗಳು ಒಂದೊಂದಾಗಿ ತೆರೆಯುತ್ತಿವೆ. ಆರೆಗಾನ್ ಮತ್ತು ಕ್ಯಾಲಿಫೋರ್ನಿಯಾದ ಎದುರಿನ ಕಡಲಿನಲ್ಲಿ 2020ರ ಜನವರಿಯಿಂದ ಕಡಲತಳದಲ್ಲಿ ಬಲೆ ಎಳೆದುಕೊಂಡು ಹೋಗುವ ಟ್ರಾಲ್ ದೋಣಿಗಳಿಗೂ, 2024ರ ಜನವರಿಯಿಂದ ಗಾಳ ಮತ್ತು ಬೋನು ಬಳಸುವವರಿಗೂ ಹಳೆಯ ನಿರ್ಬಂಧ ಸಾಕಷ್ಟು ಸಡಿಲವಾಗಿದೆ. ಈ ಜಾಗಗಳನ್ನು 2002ರಿಂದ ಮುಚ್ಚತೊಡಗಿದ್ದು ಬೆರಳೆಣಿಕೆಯ ಬಂಡೆಮೀನು ಜಾತಿಗಳನ್ನು ಉಳಿಸಿಕೊಳ್ಳಲು. ಆಗ ಅಪಾಯದ ಪಟ್ಟಿ ಸೇರಿದ್ದ ಏಳು ಜಾತಿಗಳಲ್ಲಿ ಆರು 2019ರೊಳಗೆ ಚೇತರಿಸಿಕೊಂಡವು. ಏಳನೆಯದಕ್ಕೆ ಮಾತ್ರ ಗುರಿ ಇನ್ನೂ ಮುಂದಿತ್ತು: ಅದಕ್ಕೆ ನಿಗದಿಯಾದ ವರ್ಷ 2029. ಆ ಏಳನೆಯದೇ ಹಳದಿಗಣ್ಣಿನ ಬಂಡೆಮೀನು. ವಿಜ್ಞಾನಿಗಳು ಅದನ್ನು ಸೆಬಾಸ್ಟಿಸ್ ರೂಬೆರಿಮಸ್ ಎನ್ನುತ್ತಾರೆ.

ಮುಚ್ಚಿದ್ದನ್ನು ತೆರೆಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಇಪ್ಪತ್ತು ವರ್ಷ ಹೊಟ್ಟೆ ಕಟ್ಟಿಕೊಂಡು ಕಾದ ಮೀನುಗಾರರ ಬೇಡಿಕೆ ನ್ಯಾಯವಾದದ್ದೇ. ಆದರೆ ಚೇತರಿಕೆಯನ್ನು ನಾವು ಟನ್ನುಗಳಲ್ಲಿ ಅಳೆಯುತ್ತಿದ್ದೇವೆ. ಈ ಮೀನಿನ ಉಳಿವು ನಿಂತಿರುವುದು ಬೇರೆ ಎರಡು ಸಂಗತಿಗಳ ಮೇಲೆ. ಒಂದು, ಅದು ಬದುಕುವ ಬಂಡೆ ಮುರಿಯದೆ ಇರಬೇಕು. ಇನ್ನೊಂದು, ಆ ಬಂಡೆಯಲ್ಲಿ ಮುದಿ ಹೆಣ್ಣುಮೀನುಗಳು ಉಳಿದಿರಬೇಕು. ಟನ್ನಿನ ಲೆಕ್ಕದಲ್ಲಿ ಇವೆರಡೂ ಸರಿಯಾಗಿ ಕಾಣುವುದಿಲ್ಲ. ಯಾಕೆ ಎಂಬುದಕ್ಕೆ ಉತ್ತರ ಈ ಮೀನಿನ ಮೈಯಲ್ಲೇ ಇದೆ.

ಕಿತ್ತಳೆ ಬೆರೆತ ಕೆಂಪು ಮೈ, ಹೊಳೆಯುವ ಹಳದಿ ಕಣ್ಣು, ಕಣ್ಣಿನ ಮೇಲ್ಭಾಗದಲ್ಲಿ ಒರಟು ಏಣು. ಉದ್ದ 90 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಎಳೆಯ ಮೀನು ಕಡುಗೆಂಪಾಗಿದ್ದು, ಪಕ್ಕೆಯಲ್ಲಿ ಎರಡು ಬಿಳಿ ಪಟ್ಟೆ ಇರುತ್ತವೆ. ಗೊತ್ತಿಲ್ಲದವರು ಅದನ್ನು ಬೇರೆಯೇ ಜಾತಿಯೆಂದು ತಿಳಿದಾರು. ಸೆಬಾಸ್ಟಿಸ್ ಕುಲದಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ, ಬಹುಪಾಲು ಉತ್ತರ ಪೆಸಿಫಿಕ್ ಸಾಗರದವು. ಕಲ್ಲುಮೀನು, ಸಿಂಹಮೀನು, ಚೇಳುಮೀನುಗಳೆಲ್ಲ ಇವುಗಳ ದೂರದ ನಂಟರು. ಆ ಬಳಗದ ಗುರುತು ವಿಷದ ಮುಳ್ಳು.

ಮುಳ್ಳಿನ ವಿಷ ಕೆಲಸ ಮಾಡುವ ಬಗೆ

ಬಂಡೆಮೀನುಗಳ ಬೆನ್ನಿನ ಮೇಲೆ ಸಾಮಾನ್ಯವಾಗಿ 13 ಗಟ್ಟಿ ಮುಳ್ಳುಗಳಿರುತ್ತವೆ. ಹೊಟ್ಟೆಯ ಹಿಂಭಾಗದ ರೆಕ್ಕೆಯಲ್ಲಿ ಮೂರು, ಹೊಟ್ಟೆಯಡಿಯ ಜೋಡಿ ರೆಕ್ಕೆಗಳಲ್ಲಿ ಒಂದೊಂದು. ಪ್ರತಿ ಮುಳ್ಳಿನ ಇಕ್ಕೆಲದಲ್ಲೂ ಉದ್ದನೆಯ ಸೀಳಿನಂಥ ಕಾಲುವೆ ಇದೆ. ವಿಷವನ್ನು ಒಸರುವ ಜೀವಕೋಶಗಳು ಅದರೊಳಗೆ ಕೂತಿರುತ್ತವೆ. ಮೇಲೆ ತೆಳುವಾದ ಚರ್ಮದ ಹೊದಿಕೆ. ಹಾವಿನ ಹಲ್ಲಿನಂತೆ ವಿಷವನ್ನು ಒತ್ತಿ ಚಿಮ್ಮಿಸುವ ಸ್ನಾಯು ಇಲ್ಲಿಲ್ಲ. ಮುಳ್ಳು ಎದುರಾಳಿಯ ಮೈಗೆ ಹೊಕ್ಕಾಗ ಹೊದಿಕೆ ಹಿಂದೆ ಸರಿಯುತ್ತದೆ, ಕೋಶಗಳು ಜಜ್ಜಿ ಒಡೆಯುತ್ತವೆ, ವಿಷ ಗಾಯಕ್ಕೆ ಇಳಿಯುತ್ತದೆ. ಮೀನು ತಾನಾಗಿ ಯಾರನ್ನೂ ಚುಚ್ಚಲು ಹೋಗುವುದಿಲ್ಲ. ಕಚ್ಚಲು ಬಂದವರು, ಹಿಡಿಯಲು ಬಂದವರು ತಾವೇ ಚುಚ್ಚಿಸಿಕೊಳ್ಳುತ್ತಾರೆ.

ಕಲ್ಲುಮೀನಿನ ವಿಷಕ್ಕೆ ಹೋಲಿಸಿದರೆ ಬಂಡೆಮೀನಿನದು ಸೌಮ್ಯ. ಉರಿ, ಸೆಳೆತ, ಬಾವು, ಕೆಲವರಿಗೆ ಗಂಟೆಗಟ್ಟಲೆ ಕಾಡುವ ನೋವು. ವಿಷದ ಮುಖ್ಯ ಅಂಶ ಪ್ರೋಟೀನು, ಶಾಖಕ್ಕೆ ಅದು ಕೆಡುತ್ತದೆ. ಆದ್ದರಿಂದಲೇ ಚುಚ್ಚಿದ ಭಾಗವನ್ನು ತಡೆದುಕೊಳ್ಳುವಷ್ಟು ಬಿಸಿಯಾದ, ಸುಮಾರು 42ರಿಂದ 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಬೇಕೆಂದು ವೈದ್ಯರು ಹೇಳುವುದು. ಮರಗಟ್ಟಿದ ಕೈಗೆ ಬಿಸಿ ತಿಳಿಯದು, ಹಾಗಾಗಿ ನೀರನ್ನು ಇನ್ನೊಂದು ಕೈಯಿಂದ ಪರೀಕ್ಷಿಸಿ ನೋಡುವುದು ಒಳ್ಳೆಯದು, ಇಲ್ಲವಾದರೆ ವಿಷದ ಜೊತೆಗೆ ಸುಟ್ಟಗಾಯವೂ ಸೇರುತ್ತದೆ. ಮುಳ್ಳಿನ ಚೂರು ಒಳಗೇ ಉಳಿದರೆ ಕೀವಾಗುವ ಸಾಧ್ಯತೆ ಇದೆ, ಅದನ್ನು ವೈದ್ಯರೇ ತೆಗೆಯಬೇಕು. ಉಸಿರಾಟ ಕಷ್ಟವಾದರೆ, ತಲೆ ಸುತ್ತಿದರೆ ಬಿಸಿನೀರಿಗೆ ಕಾಯುತ್ತ ಕೂರುವಂತಿಲ್ಲ. ಮೀನು ಸತ್ತಿದೆ ಎಂದು ಮೈಮರೆಯುವುದೂ ತಪ್ಪು. ಸತ್ತ ಮೀನಿನ ಮುಳ್ಳೂ ಚುಚ್ಚುತ್ತದೆ, ನೋವೂ ಕೊಡುತ್ತದೆ.

ಈ ರಕ್ಷಣೆ ರೂಪುಗೊಂಡಿದ್ದು ಬಾಯಿಯಿಂದ ಕಚ್ಚುವ ಶತ್ರುಗಳ ಎದುರು. ಅಪಾಯ ಕಂಡಾಗ ಬಂಡೆಯ ಬಿರುಕಿಗೆ ಸೇರಿ ಮುಳ್ಳು ನಿಮಿರಿಸಿ ನಿಂತರೆ ದೊಡ್ಡ ಮೀನಿಗೂ ಅದನ್ನು ಹೊರಗೆಳೆಯುವುದು ಸುಲಭವಲ್ಲ. ಮೇಲಿನಿಂದ ಇಳಿದು ಬರುವ ಗಾಳದ ಎದುರು, ಬಿರುಕನ್ನೇ ಉರುಳಿಸಿ ಹೋಗುವ ಬಲೆಯ ಎದುರು ಇದಾವುದೂ ಉಪಯೋಗಕ್ಕೆ ಬರುವುದಿಲ್ಲ. ಇಷ್ಟು ನಿಧಾನವಾಗಿ ಬಾಳುವ ಮೀನಿಗೆ ಒಂದು ಶತಮಾನದೊಳಗೆ ಹೊಸ ರಕ್ಷಣೆ ಕಲಿಯಲು ತಲೆಮಾರುಗಳೇ ಸಾಲವು.

ಬಂಡೆ, ಹವಳ, ಸ್ಪಂಜು

ಹಳದಿಗಣ್ಣಿನ ಮೀನು ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳಿಂದ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾವರೆಗೆ ಹರಡಿದೆ. 15 ಮೀಟರ್ ಆಳದಿಂದ 549 ಮೀಟರ್‌ವರೆಗೂ ಸಿಕ್ಕಿರುವ ದಾಖಲೆಗಳಿವೆ, ಆದರೆ ದೊಡ್ಡ ಮೀನುಗಳ ಬಿಡಾರ ಹೆಚ್ಚಾಗಿ 90ರಿಂದ 180 ಮೀಟರ್ ಆಳದಲ್ಲಿ. ಅಲ್ಲಿ ಬೆಳಕು ತೀರಾ ಮಂದ, ನೀರು ತಣ್ಣಗೆ. ಕಡಲತಳದ ಬಹುಭಾಗ ಕೆಸರು ಮತ್ತು ಮರಳು. ನಡುನಡುವೆ ಬಂಡೆಗಳ ರಾಶಿ, ಕಡಿದಾದ ಗೋಡೆ, ಗುಹೆಯಂಥ ಪೊಟರೆ. ಈ ಮೀನಿಗೆ ಬೇಕಾದದ್ದು ಆ ನಡುವಿನ ತುಣುಕುಗಳು ಮಾತ್ರ. ಬೆಳೆದ ಮೇಲೆ ಒಂದು ಬಂಡೆರಾಶಿಯನ್ನು ಹಿಡಿದರೆ ಬಹಳ ಕಾಲ ಅಲ್ಲೇ ಇರುತ್ತದೆ. ಬಂಡೆಗೆ ಅಪ್ಪಳಿಸುವ ಪ್ರವಾಹ ಪ್ಲವಕಗಳನ್ನು, ಎಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು, ತರುತ್ತದೆ, ಅವುಗಳನ್ನು ತಿನ್ನಲು ಸಣ್ಣ ಮೀನು, ಸೀಗಡಿಗಳು ಬರುತ್ತವೆ, ಅವುಗಳಿಗಾಗಿ ಹಳದಿಗಣ್ಣು ಕಾದು ಕೂರುತ್ತದೆ. ತನಗಿಂತ ಚಿಕ್ಕ ಬಂಡೆಮೀನುಗಳನ್ನೂ ಅದು ತಿನ್ನುತ್ತದೆ.

ಆಳದ ಬಂಡೆ ಬರಿಯ ಕಲ್ಲಲ್ಲ. ಅದರ ಮೇಲೆ ತಣ್ಣೀರಿನ ಹವಳಗಳು, ಸ್ಪಂಜುಗಳು ಗಿಡಗಂಟಿಗಳಂತೆ ಬೆಳೆದಿರುತ್ತವೆ. ಬೆಳಕಿಲ್ಲದ ಕಡೆ ಬೆಳೆಯುವ ಈ ಹವಳಗಳ ಬೆಳವಣಿಗೆ ಬಹಳ ನಿಧಾನ. ಕೆಲವು ನೂರಾರು ವರ್ಷ ಹಳೆಯವು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಕರಾವಳಿಯಾಚೆ, ಹೆಕಟ್ ಜಲಸಂಧಿ ಮತ್ತು ಕ್ವೀನ್ ಷಾರ್ಲೆಟ್ ಸೌಂಡ್‌ನಲ್ಲಿ 1980ರ ದಶಕದ ಕೊನೆಯಲ್ಲಿ ಭೂವಿಜ್ಞಾನಿಗಳಿಗೆ ಸಿಕ್ಕ ಗಾಜಿನ ಸ್ಪಂಜುಗಳ ದಿಬ್ಬಗಳದ್ದು ಇನ್ನೂ ದೊಡ್ಡ ಕಥೆ. ಸಿಲಿಕಾದ ಎಲುಬುಗೂಡಿನ ಈ ಸ್ಪಂಜುಗಳು ಕಟ್ಟುವ ದಿಬ್ಬಗಳು ಕೋಟ್ಯಂತರ ವರ್ಷಗಳ ಹಿಂದೆಯೇ ಭೂಮಿಯಿಂದ ಮರೆಯಾದವು ಎಂದು ಅಲ್ಲಿಯವರೆಗೆ ನಂಬಲಾಗಿತ್ತು. ಜೀವಂತವಾಗಿ ಕಂಡ ದಿಬ್ಬಗಳ ವಯಸ್ಸು ಸುಮಾರು 9,000 ವರ್ಷ. ಹಿಂದಿನ ತಲೆಮಾರಿನ ಸತ್ತ ಎಲುಬುಗೂಡಿನ ಮೇಲೆ ಮುಂದಿನದು ಬೆಳೆಯುತ್ತ, ನಡುವೆ ಕೆಸರು ತುಂಬುತ್ತ, ಅವು ಕೆಲವು ಕಡೆ ಹಲವು ಅಂತಸ್ತಿನ ಕಟ್ಟಡದಷ್ಟು ಎತ್ತರವಾಗಿವೆ. ಎಳೆಯ ಬಂಡೆಮೀನುಗಳಿಗೆ ಅದೇ ಆಸರೆ. ಮುಟ್ಟಿದರೆ ಪುಡಿಯಾಗುವಷ್ಟು ನಾಜೂಕಾದ ಈ ದಿಬ್ಬಗಳ ಮೇಲೆ ಟ್ರಾಲ್ ಬಲೆ ಎಳೆದ ಗುರುತುಗಳೂ ಸಿಕ್ಕಿವೆ. ಕೆನಡಾ ಸರ್ಕಾರ 2017ರ ಫೆಬ್ರವರಿಯಲ್ಲಿ ಇವನ್ನು ಸಂರಕ್ಷಿತ ಕಡಲಪ್ರದೇಶವೆಂದು ಘೋಷಿಸಿತು. ದಿಬ್ಬಗಳು ಪತ್ತೆಯಾಗಿ ಮೂರು ದಶಕ ಕಳೆಯುವ ಹೊತ್ತಿಗೆ ಬಂದ ಘೋಷಣೆ ಅದು. ಇಷ್ಟು ತಡವಾಗುವುದಕ್ಕೆ ಸಮರ್ಥನೆ ಇಲ್ಲವೆಂದೇ ನನ್ನ ಭಾವನೆ.

ಬಂಡೆ ಒಂದು ಕಾಲದಲ್ಲಿ ಮೀನಿಗೆ ತಾನೇ ಕಾವಲಾಗಿತ್ತು. ಕಲ್ಲಿನ ನೆಲದಲ್ಲಿ ಬಲೆ ಎಳೆದರೆ ಬಲೆಯೇ ಹರಿಯುತ್ತಿತ್ತು, ಹಾಗಾಗಿ ಟ್ರಾಲ್ ದೋಣಿಗಳು ಅತ್ತ ಸುಳಿಯುತ್ತಿರಲಿಲ್ಲ. ಬಲೆಯ ಕೆಳಗಿನ ಹಗ್ಗಕ್ಕೆ ದೊಡ್ಡ ರಬ್ಬರ್ ಗಾಲಿಗಳನ್ನು ಪೋಣಿಸುವ ಉಪಾಯ ಬಂದ ಮೇಲೆ ಬಲೆ ಬಂಡೆಗಳ ಮೇಲೆ ಉರುಳಿಕೊಂಡು ಹೋಗತೊಡಗಿತು. 2000ದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ನಿಯಂತ್ರಕರು, ಬಂಡೆಮೀನಿರುವ ಭಾಗದಲ್ಲಿ ಈ ಗಾಲಿಯ ವ್ಯಾಸ 8 ಅಂಗುಲ ಮೀರಬಾರದೆಂದು ನಿಯಮ ತಂದರು. ಸುದ್ದಿಯಾಗದ ಒಂದು ಸಣ್ಣ ತಾಂತ್ರಿಕ ನಿಯಮವದು. ಚಿಕ್ಕ ಗಾಲಿಯ ಬಲೆ ಕಲ್ಲಿಗೆ ಸಿಕ್ಕಿ ಹರಿಯುತ್ತದೆ, ಲಕ್ಷಾಂತರ ಬೆಲೆಯ ಬಲೆಯನ್ನು ಕಳೆದುಕೊಳ್ಳಲು ಯಾವ ದೋಣಿಯವನೂ ತಯಾರಿಲ್ಲ. ಒಬ್ಬ ಕಾವಲುಗಾರನನ್ನೂ ನೇಮಿಸದೆ ದೋಣಿಗಳನ್ನು ಬಂಡೆಯಿಂದ ದೂರ ಸರಿಸಿದ ಈ ನಿಯಮ, ಎಷ್ಟೋ ದೊಡ್ಡ ಯೋಜನೆಗಳಿಗಿಂತ ಚೆನ್ನಾಗಿ ಕೆಲಸ ಮಾಡಿದೆ.

ನೂರು ವರ್ಷದ ಲೆಕ್ಕ

ಮೀನಿನ ವಯಸ್ಸು ಅದರ ಕಿವಿಯೊಳಗಿನ ಸುಣ್ಣದ ಕಲ್ಲಿನಲ್ಲಿ ಬರೆದಿರುತ್ತದೆ. ಆ ಕಲ್ಲನ್ನು ಮುರಿದು, ಮುರಿದ ಅಂಚನ್ನು ತುಸು ಸುಟ್ಟರೆ ವರ್ಷಕ್ಕೊಂದರಂತೆ ಉಂಗುರಗಳು ಕಾಣುತ್ತವೆ. ಹಳದಿಗಣ್ಣಿನ ಮೀನಿನಲ್ಲಿ ನೂರಕ್ಕೂ ಹೆಚ್ಚು ಉಂಗುರ ಎಣಿಸಿದಾಗ ಅನುಮಾನಪಟ್ಟವರಿದ್ದರು: ಇವು ವರ್ಷದ ಉಂಗುರಗಳೇ, ಇಲ್ಲ ವರ್ಷಕ್ಕೆ ಎರಡೆರಡು ಮೂಡುತ್ತವೆಯೇ? ಉತ್ತರ ಸಿಕ್ಕಿದ್ದು ಅನಿರೀಕ್ಷಿತ ದಿಕ್ಕಿನಿಂದ. 1950–60ರ ದಶಕದ ಅಣುಬಾಂಬ್ ಪರೀಕ್ಷೆಗಳು ವಾತಾವರಣಕ್ಕೆ, ಅಲ್ಲಿಂದ ಕಡಲಿಗೆ ವಿಕಿರಣಶೀಲ ಇಂಗಾಲವನ್ನು ತುಂಬಿದ್ದವು. ಆ ವರ್ಷಗಳಲ್ಲಿ ಬೆಳೆದ ಕಿವಿಕಲ್ಲಿನ ಪದರದಲ್ಲಿ ಆ ಇಂಗಾಲದ ಏರಿಕೆ ಅಚ್ಚಾಗಿ ನಿಂತಿತ್ತು. ಉಂಗುರ ಎಣಿಸಿ ಹೇಳಿದ ಹುಟ್ಟಿದ ವರ್ಷಕ್ಕೂ ಇಂಗಾಲದ ಗುರುತಿಗೂ ತಾಳೆಯಾಯಿತು. ಸೀಸ ಮತ್ತು ರೇಡಿಯಂ ಧಾತುಗಳ ಅನುಪಾತದಿಂದ ಮಾಡಿದ ಲೆಕ್ಕವೂ ಅದನ್ನೇ ಹೇಳಿತು. ಈ ಮೀನು ನಿಜಕ್ಕೂ ನೂರು ವರ್ಷ ದಾಟಿ ಬಾಳುತ್ತದೆ, 118 ವರ್ಷದ ದಾಖಲೆಯನ್ನು ಬಹಳ ಕಡೆ ಕಾಣಬಹುದು. ಅದರದೇ ಕುಲದ ಇನ್ನೊಂದು ಆಳಕಡಲ ಜಾತಿ, ಒರಟುಗಣ್ಣಿನ ಬಂಡೆಮೀನು, 205 ವರ್ಷ ಬದುಕಿದ ದಾಖಲೆ ಇದೆ. ಅದೇ ಕುಲದ ಕ್ಯಾಲಿಕೋ ಬಂಡೆಮೀನಿನ ಆಯಸ್ಸು ಹನ್ನೊಂದೇ ವರ್ಷ. ಒಂದೇ ಕುಲದಲ್ಲಿ ಇಷ್ಟು ಅಂತರ ಹೇಗೆ ಎಂದು ಹುಡುಕಿದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 88 ಜಾತಿಗಳ ವಂಶವಾಹಿಗಳನ್ನು ಓದಿ, ದೀರ್ಘಾಯುಷ್ಯಕ್ಕೆ ನಂಟಿರುವ 137 ಜೀನ್‌ಗಳನ್ನು 2021ರಲ್ಲಿ ಗುರುತಿಸಿತು.

ಆಯಸ್ಸು ಹೆಚ್ಚಾದರೆ ಒಳ್ಳೆಯದಲ್ಲವೇ ಎನ್ನಿಸಬಹುದು. ತೊಂದರೆ ಇರುವುದು ಅದರ ಇನ್ನೊಂದು ಮಗ್ಗುಲಲ್ಲಿ. ಹಳದಿಗಣ್ಣಿನ ಹೆಣ್ಣುಮೀನು ಪ್ರಾಯಕ್ಕೆ ಬರಲು ಸುಮಾರು ಹದಿನೈದರಿಂದ ಇಪ್ಪತ್ತು ವರ್ಷ ಬೇಕು. ಬಹುತೇಕ ಮೀನುಗಳಂತೆ ಅದು ಮೊಟ್ಟೆಯನ್ನು ನೀರಿಗೆ ಚೆಲ್ಲುವುದಿಲ್ಲ. ಮೈಯೊಳಗೇ ಮೊಟ್ಟೆಗಳನ್ನು ಬೆಳೆಸಿ, ವಸಂತದಿಂದ ಬೇಸಿಗೆಯ ನಡುವೆ ಹತ್ತು ಲಕ್ಷಕ್ಕೂ ಹೆಚ್ಚು ಸಣ್ಣ ಮರಿಗಳನ್ನು ಹಾಕುತ್ತದೆ. ಆದರೆ ಆ ಮರಿಗಳಲ್ಲಿ ಎಷ್ಟು ಬದುಕುತ್ತವೆ ಎಂಬುದು ಆ ವರ್ಷದ ಪ್ರವಾಹ, ನೀರಿನ ತಂಪು, ಆಹಾರ ಎಲ್ಲ ಹೇಗೆ ಕೂಡಿ ಬರುತ್ತವೆ ಎಂಬುದರ ಮೇಲೆ ನಿಂತಿದೆ. ಹೆಚ್ಚಿನ ವರ್ಷಗಳಲ್ಲಿ ಉಳಿಯುವುದು ಬಹಳ ಕಡಿಮೆ. ಹತ್ತಾರು ವರ್ಷಕ್ಕೆ ಕೆಲವು ಬಾರಿ ಒಳ್ಳೆಯ ಬೆಳೆ ಬರುತ್ತದೆ, ಆ ಒಂದೆರಡು ವರ್ಷದ ಮರಿಗಳೇ ಮುಂದೆ ಇಡೀ ಸಂತತಿಯನ್ನು ಹೊರುತ್ತವೆ. ನೂರು ವರ್ಷ ಬಾಳುವುದರ ಅರ್ಥ ಇದೇ: ಒಳ್ಳೆಯ ವರ್ಷ ಬರುವವರೆಗೂ ತಾಯಿ ಬದುಕಿರಬೇಕು. ಆ ತಾಯಿಯನ್ನು ಮೂವತ್ತನೇ ವಯಸ್ಸಿನಲ್ಲಿ ಗಾಳಕ್ಕೆ ಸಿಕ್ಕಿಸಿದರೆ, ಅವಳ ಪಾಲಿನ ಒಳ್ಳೆಯ ವರ್ಷಗಳೆಲ್ಲ ಅವಳೊಡನೆ ಹೋದವು.

ಎಲ್ಲ ತಾಯಂದಿರೂ ಸಮಾನರೂ ಅಲ್ಲ. ಇದೇ ಕುಲದ ಕಪ್ಪು ಬಂಡೆಮೀನಿನ ಮೇಲೆ ಆರೆಗಾನ್‌ನಲ್ಲಿ ಸ್ಟೀವನ್ ಬರ್ಕ್ಲಿ ಮತ್ತು ಸಂಗಡಿಗರು ಮಾಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಮೀನುಗಾರಿಕೆಯ ಶಾಸ್ತ್ರವನ್ನೇ ಅಲುಗಾಡಿಸಿತು. ಮುದಿ ತಾಯಂದಿರ ಮರಿಗಳು ಎಳೆಯ ತಾಯಂದಿರ ಮರಿಗಳಿಗಿಂತ ಮೂರು ಪಟ್ಟಿಗೂ ಹೆಚ್ಚು ವೇಗವಾಗಿ ಬೆಳೆದವು. ಆಹಾರವಿಲ್ಲದೆ ಎರಡು ಪಟ್ಟಿಗೂ ಹೆಚ್ಚು ಕಾಲ ತಾಳಿಕೊಂಡವು. ಮರಿಯೊಡನೆ ತಾಯಿ ಕಟ್ಟಿಕೊಡುವ ಎಣ್ಣೆಯ ಬಿಂದು ದೊಡ್ಡದಿರುವುದೇ ಅದಕ್ಕೆ ಕಾರಣ. ಹತ್ತು ಟನ್ ಎಳೆಯ ಮೀನು, ಹತ್ತು ಟನ್ ಮುದಿ ಮೀನು ತಕ್ಕಡಿಯಲ್ಲಿ ಒಂದೇ ತೂಗುತ್ತವೆ. ಮುಂದಿನ ತಲೆಮಾರಿನ ಮಟ್ಟಿಗೆ ಅವೆರಡೂ ಒಂದೇ ಅಲ್ಲ. ಮತ್ತು ಗಾಳಕ್ಕೆ ಮೊದಲು ಸಿಗುವುದು ದೊಡ್ಡ ಮೀನೇ.

ಮೇಲಕ್ಕೆ ಬಂದರೆ ಸಾವು

ಸಿಕ್ಕ ಮೀನು ಬೇಡವಾದರೆ ನೀರಿಗೆ ಮರಳಿ ಬಿಟ್ಟರಾಯಿತು ಎಂಬ ಪರಿಹಾರ ಈ ಮೀನಿಗೆ ಬಹುಕಾಲ ಅನ್ವಯಿಸುತ್ತಿರಲಿಲ್ಲ. ಕಡಲಿನಲ್ಲಿ ಪ್ರತಿ 10 ಮೀಟರ್‌ಗೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. 150 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ 16 ಪಟ್ಟು. ಬಂಡೆಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಮುಚ್ಚಿದ ಚೀಲ, ಗಂಟಲಿಗೆ ಕೊಳವೆಯಿಲ್ಲ. ಅದರೊಳಗಿನ ಅನಿಲ ರಕ್ತದ ಮೂಲಕ ನಿಧಾನವಾಗಿ ಮಾತ್ರ ಕಡಿಮೆಯಾಗಬೇಕು. ಗಾಳದ ದಾರ ಅದನ್ನು ಕೆಲವೇ ನಿಮಿಷದಲ್ಲಿ ಮೇಲೆಳೆದಾಗ ಅನಿಲ ಹಿಗ್ಗುತ್ತದೆ, ಚೀಲ ಹರಿಯುತ್ತದೆ, ಹೊಟ್ಟೆಯ ಚೀಲ ಬಾಯಿಯಿಂದ ಹೊರಗೆ ಬರುತ್ತದೆ, ಕಣ್ಣುಗುಡ್ಡೆ ಉಬ್ಬಿ ಚಾಚುತ್ತದೆ. ಬಿಟ್ಟರೂ ಮೀನು ಮುಳುಗಲಾರದೆ ತೇಲುತ್ತದೆ, ಕಡಲಹಕ್ಕಿಗಳಿಗೂ ಕಡಲಸಿಂಹಗಳಿಗೂ ತುತ್ತಾಗುತ್ತದೆ. ನೋಡಿದವರೆಲ್ಲ ಅದು ಸತ್ತೇ ಹೋಯಿತೆಂದು ತಿಳಿಯುವುದು ಸಹಜವಾಗಿತ್ತು.

ನಿಜಸಂಗತಿ ಬೇರೆ ಎಂದು ತೋರಿಸಿಕೊಟ್ಟಿದ್ದು ಒಂದು ಸರಳ ಸಲಕರಣೆ. ಭಾರ ಕಟ್ಟಿದ ಚಿಮಟದಿಂದ ಮೀನಿನ ದವಡೆಯನ್ನು ಹಿಡಿದು ಆಳಕ್ಕೆ ಇಳಿಸುತ್ತಾರೆ. ನಿಗದಿತ ಒತ್ತಡದಲ್ಲಿ ಅಥವಾ ದಾರವನ್ನು ಜಗ್ಗಿದಾಗ ಚಿಮಟ ತೆರೆದುಕೊಳ್ಳುತ್ತದೆ. ತಲೆಕೆಳಗಾದ, ಭಾರ ಕಟ್ಟಿದ ಬುಟ್ಟಿಯೂ ಅದೇ ಕೆಲಸ ಮಾಡುತ್ತದೆ. ಆಳಕ್ಕೆ ಹೋದಂತೆ ಅನಿಲ ಮತ್ತೆ ಕುಗ್ಗಿ, ಉಬ್ಬಿದ ಕಣ್ಣು ಒಳಸರಿಯುತ್ತದೆ. ಅಲಾಸ್ಕಾದಲ್ಲಿ ಅಷ್ಟೇನೂ ಆಳವಲ್ಲದ ನೀರಿನಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಆಳಕ್ಕೆ ಇಳಿಸಿಬಿಟ್ಟ ಹಳದಿಗಣ್ಣಿನ ಮೀನುಗಳು 17 ದಿನಗಳವರೆಗೆ ಬದುಕುಳಿದ ಪ್ರಮಾಣ ಶೇ 98ಕ್ಕಿಂತ ಹೆಚ್ಚು. ಮೇಲೆಯೇ ಬಿಟ್ಟವುಗಳಲ್ಲಿ ತಾವಾಗಿ ಮುಳುಗಬಲ್ಲವು ಐದರಲ್ಲಿ ಸುಮಾರು ಒಂದು. ಹೀಗೆ ಬದುಕಿದ ಹೆಣ್ಣುಮೀನುಗಳು ಮುಂದಿನ ವರ್ಷಗಳಲ್ಲಿ ಗರ್ಭ ಧರಿಸಿದ್ದಕ್ಕೂ ಪುರಾವೆ ಸಿಕ್ಕಿದೆ. ಈ ಸಲಕರಣೆ ದೋಣಿಯಲ್ಲಿ ಇರಲೇಬೇಕೆಂದು ಆರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳು 2017ರಲ್ಲಿ, ಅಲಾಸ್ಕಾ ತನ್ನ ಕಡಲಿನ ಎಲ್ಲ ಹವ್ಯಾಸಿ ದೋಣಿಗಳಿಗೆ 2020ರಲ್ಲಿ ಕಡ್ಡಾಯ ಮಾಡಿದವು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇನ್ನೂ ಹೆಚ್ಚು ಆಳದಿಂದ, 140 ಮೀಟರ್‌ಗಿಂತ ಕೆಳಗಿನಿಂದ ಬಂದ ಮೀನುಗಳು ಮರಳಿ ಇಳಿಸಿದ ಮೇಲೆ ಬದುಕಿದರೂ ಒಳಗಿನ ಗಾಯಗಳು ಉಳಿದಿದ್ದನ್ನು ಸಂಶೋಧಕರು ಕಂಡಿದ್ದಾರೆ. ಸಲಕರಣೆ ಇದೆ ಎಂಬ ಧೈರ್ಯದಲ್ಲಿ ಅದೇ ಬಂಡೆಯ ಮೇಲೆ ಮತ್ತೆ ಮತ್ತೆ ಗಾಳ ಬಿಡುವುದಕ್ಕೆ ಅದು ಅನುಮತಿಪತ್ರವಲ್ಲ. ಹಳದಿಗಣ್ಣು ಸಿಕ್ಕಿತೆಂದರೆ ಆ ಜಾಗ ಬಿಟ್ಟು ಬೇರೆಡೆ ಹೋಗುವುದೇ ಎಲ್ಲಕ್ಕಿಂತ ಒಳ್ಳೆಯ ಸಲಕರಣೆ.

ಕಾನೂನಿನ ಗಡಿಯಾರ, ಮೀನಿನ ಗಡಿಯಾರ

ಅಮೆರಿಕದ ಮೀನುಗಾರಿಕೆಯ ಮೂಲ ಕಾಯಿದೆಯಾದ ಮ್ಯಾಗ್ನುಸನ್–ಸ್ಟೀವನ್ಸ್ ಕಾಯಿದೆ 1976ರದು. ಮೊದಮೊದಲು ಅದರ ಗಮನ ವಿದೇಶಿ ದೋಣಿಗಳನ್ನು ಹೊರಗಿಡುವುದರ ಮೇಲಿತ್ತು. ಅವು ಹೋದ ಜಾಗವನ್ನು ಸ್ವದೇಶಿ ದೋಣಿಗಳು ತುಂಬಿದವು. ಬಂಡೆಮೀನು ಎಷ್ಟು ವರ್ಷ ಬಾಳುತ್ತದೆ, ಎಷ್ಟು ನಿಧಾನವಾಗಿ ಮರಿ ಮಾಡುತ್ತದೆ ಎಂಬ ಅರಿವು ಆಗಿನ ಲೆಕ್ಕಾಚಾರದಲ್ಲಿ ಇರಲಿಲ್ಲ. ತೆಗೆಯಬಹುದಾದ ಪಾಲನ್ನು ವೇಗವಾಗಿ ಬೆಳೆಯುವ ಮೀನುಗಳ ಮಾದರಿಯಲ್ಲಿ ಲೆಕ್ಕ ಹಾಕಲಾಯಿತು. ದಶಕಗಳ ಕಾಲ ಎಲ್ಲರೂ ನಿಯಮ ಪಾಲಿಸಿಯೇ ಮೀನು ಹಿಡಿದರು. ನಿಯಮವೇ ತಪ್ಪಾಗಿತ್ತು.

1996ರ ತಿದ್ದುಪಡಿ ಹೊಸ ಕರಾರು ಹಾಕಿತು: ಕುಸಿದ ಸಂತತಿಯನ್ನು ಸಾಧ್ಯವಿದ್ದರೆ 10 ವರ್ಷದೊಳಗೆ ಮೇಲೆತ್ತಬೇಕು, ಜೀವಿಯ ಸ್ವಭಾವವೇ ಅಡ್ಡ ಬಂದರೆ ಮಾತ್ರ ಹೆಚ್ಚು ಸಮಯ. ಪಶ್ಚಿಮ ಕರಾವಳಿಯ ಬಂಡೆಮೀನುಗಳಿಗೆ, ಮೀನುಗಾರಿಕೆಯೇ ಇಲ್ಲದಿದ್ದರೆ ಇರಬಹುದಾಗಿದ್ದ ಸಂತಾನಶಕ್ತಿಯ ಶೇ 40 ಗುರಿ; ಶೇ 25ಕ್ಕಿಂತ ಕೆಳಗಿಳಿದರೆ ಅತಿಯಾಗಿ ಹಿಡಿಯಲ್ಪಟ್ಟದ್ದು ಎಂದು ಘೋಷಣೆ. ಈ ಅಳತೆಗೋಲು ಹಿಡಿದು ನೋಡಿದಾಗ ಒಂದರ ಹಿಂದೊಂದು ಜಾತಿ ಕೆಳಗೆ ಬಿದ್ದಿತ್ತು. 2000ದ ಜನವರಿಯಲ್ಲಿ ಅಮೆರಿಕದ ವಾಣಿಜ್ಯ ಇಲಾಖೆ ಆ ಕರಾವಳಿಯ ತಳಮೀನುಗಾರಿಕೆಯನ್ನು ವಿಪತ್ತು ಎಂದೇ ಘೋಷಿಸಿತು. 2002ರಲ್ಲಿ ಬಂಡೆಮೀನು ಸಂರಕ್ಷಣಾ ಪ್ರದೇಶಗಳು ಬಂದವು. ಕರಾವಳಿಯುದ್ದಕ್ಕೂ ನಿರ್ದಿಷ್ಟ ಆಳದ ರೇಖೆಗಳ ನಡುವಿನ ಪಟ್ಟಿಯನ್ನು ಮುಚ್ಚಲಾಯಿತು.

ಹಳದಿಗಣ್ಣಿನ ಚೇತರಿಕೆಗೆ ಹಿಂದೆ ಹಾಕಿಕೊಂಡಿದ್ದ ಗುರಿಯ ವರ್ಷ 2074. ಅದಕ್ಕೆ ಇಡೀ ಕರಾವಳಿಗೆ, ವಾಷಿಂಗ್ಟನ್, ಆರೆಗಾನ್, ಕ್ಯಾಲಿಫೋರ್ನಿಯಾ ಈ ಮೂರು ರಾಜ್ಯಗಳ ಎಲ್ಲ ಬಗೆಯ ಮೀನುಗಾರರಿಗೂ ಸೇರಿ, ವರ್ಷಕ್ಕೆ ಸುಮಾರು 20 ಟನ್ ಮಿತಿ. ಯಾರೂ ಅದನ್ನು ಹಿಡಿಯಲು ಹೋಗುತ್ತಿರಲಿಲ್ಲ. ಹಾಲಿಬಟ್‌ಗೆ, ಲಿಂಗ್‌ಕಾಡ್‌ಗೆ, ಬೇರೆ ಬಂಡೆಮೀನುಗಳಿಗೆ ಹಾಕಿದ ಗಾಳಕ್ಕೆ ಅದು ತಾನಾಗಿ ಬಂದು ಬೀಳುತ್ತಿತ್ತು. ಆ 20 ಟನ್ ಮುಗಿಯುವ ಸೂಚನೆ ಸಿಕ್ಕರೆ ಸಮೃದ್ಧವಾಗಿರುವ ಇತರ ಮೀನುಗಳ ಬೇಟೆಯೂ ನಿಲ್ಲಬೇಕು. ಒಂದು ಮೀನು ಇಡೀ ಕರಾವಳಿಯ ಕತ್ತು ಹಿಡಿದಿದೆ ಎಂದು ಮೀನುಗಾರರು ಸಿಟ್ಟಾದದ್ದು ಇದಕ್ಕೇ. ಅವರ ಕಷ್ಟ ನಿಜವಾದದ್ದು. ಎಷ್ಟೋ ಮಂದಿ ಈ ಕಸುಬನ್ನೇ ಬಿಟ್ಟರು. ಆದರೆ ಅದೇ ಒತ್ತಡ ಒಳ್ಳೆಯದನ್ನೂ ಮಾಡಿತು. 2011ರಿಂದ ಟ್ರಾಲ್ ದೋಣಿಗಳಿಗೆ ತಲಾ ಪಾಲು ಹಂಚಿ, ಪ್ರತಿ ಪ್ರಯಾಣದಲ್ಲೂ ವೀಕ್ಷಕರನ್ನು ಕೂರಿಸಲಾಯಿತು. ತನ್ನ ಪಾಲಿನ ಕೆಲವೇ ಕಿಲೋ ಹಳದಿಗಣ್ಣು ಮುಗಿದರೆ ತನ್ನ ವರ್ಷದ ದುಡಿಮೆಯೇ ಮುಗಿಯುತ್ತದೆ ಎಂದಾಗ, ಯಾವ ಬಂಡೆಯ ಬಳಿ ಹೋಗಬಾರದು ಎಂಬುದನ್ನು ದೋಣಿಯವರು ತಾವಾಗಿ ಕಲಿತರು, ಪರಸ್ಪರ ಹೇಳಿಕೊಂಡರು.

2017ರ ಅಂದಾಜು ಎಲ್ಲರಿಗೂ ಅಚ್ಚರಿ ತಂದಿತು. ಸಂತತಿ ಶೇ 28ರ ಮಟ್ಟಕ್ಕೆ ಏರಿತ್ತು, ಗುರಿ ತಲುಪುವ ವರ್ಷ 2029ಕ್ಕೆ ಹಿಂದೆ ಬಂತು. 2019ರಲ್ಲಿ ವಾರ್ಷಿಕ ಮಿತಿಯನ್ನು 48 ಟನ್‌ಗೆ ಹೆಚ್ಚಿಸಲಾಯಿತು. ಒಳ್ಳೆಯ ಸುದ್ದಿಯೇ ಸರಿ. ಆದರೆ ಗುರಿಯ ವರ್ಷ 45 ವರ್ಷ ಹಿಂದೆ ಸರಿದದ್ದು ಮೀನು ಅಷ್ಟು ಬೇಗ ಹೆಚ್ಚಿತೆಂಬ ಒಂದೇ ಕಾರಣಕ್ಕಲ್ಲ. ಮೀನಿನ ಬಗೆಗಿನ ನಮ್ಮ ಲೆಕ್ಕವೂ ಬದಲಾಯಿತು. ಸರ್ಕಾರದ ಮುಖ್ಯ ಸರ್ವೇಕ್ಷಣೆ ನಡೆಯುವುದು ಟ್ರಾಲ್ ಬಲೆಯಿಂದ, ಅದು ಕಲ್ಲಿನ ಮೇಲೆ ಹೋಗುವುದಿಲ್ಲ. ಹಳದಿಗಣ್ಣು ಇರುವುದೇ ಕಲ್ಲಿನಲ್ಲಿ. ಹೀಗಾಗಿ ಈ ಮೀನಿನ ಬಗ್ಗೆ ಮಾಹಿತಿ ಸದಾ ತೆಳು. ಮುಂದಿನ ಅಂದಾಜು ಇನ್ನೊಂದು ದಿಕ್ಕಿಗೆ ಸರಿಯಬಹುದೆಂಬುದನ್ನು ಮರೆಯಬಾರದು. ಕ್ವಿಲ್‌ಬ್ಯಾಕ್ ಎಂಬ ಇನ್ನೊಂದು ಬಂಡೆಮೀನು ಕ್ಯಾಲಿಫೋರ್ನಿಯಾದಲ್ಲಿ ಅತಿಯಾಗಿ ಹಿಡಿಯಲ್ಪಟ್ಟಿದೆ ಎಂದು 2023ರ ಕೊನೆಯಲ್ಲಿ ಘೋಷಣೆಯಾದಾಗ, ಅಲ್ಲಿನ ಮೀನುಗಾರರಿಗೂ ಅಧಿಕಾರಿಗಳಿಗೂ ಎದುರಾದ ದೊಡ್ಡ ಜಗಳ ಮಾಹಿತಿ ಸಾಲದು ಎಂಬುದರ ಸುತ್ತಲೇ ಇತ್ತು.

ಗಡಿಯ ಉತ್ತರಕ್ಕೆ ಕಥೆ ಇನ್ನೊಂದು ಬಗೆಯದು. ಬ್ರಿಟಿಷ್ ಕೊಲಂಬಿಯಾದಲ್ಲಿ 2004ರಿಂದ 2007ರ ನಡುವೆ 164 ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಲಾಯಿತು. ನಕ್ಷೆಯಲ್ಲಿ ಅವು ಇವೆ, ಆದರೆ ಗಡಿ ಎಲ್ಲಿದೆ ಎಂಬುದು ಬಹಳಷ್ಟು ಹವ್ಯಾಸಿ ಮೀನುಗಾರರಿಗೆ ತಿಳಿದಿಲ್ಲವೆಂದು ನಂತರದ ಸಮೀಕ್ಷೆಗಳು ತೋರಿಸಿದವು. ಒಳಗೆ ಗಾಳ ಹಾಕುವುದು ನಡೆದೇ ಇತ್ತು. ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಒಳಗಡಲಿನ ಹಳದಿಗಣ್ಣನ್ನು 2010ರಲ್ಲಿ ಅಪಾಯದಲ್ಲಿರುವ ಜೀವಿಗಳ ಕಾಯಿದೆಯಡಿ ತರಲಾಯಿತು. ಸ್ಥಳೀಯ ಮೀನುಗಾರರ ನೆರವಿನಿಂದಲೇ ವಿಜ್ಞಾನಿಗಳು ಮೀನುಗಳ ವಂಶವಾಹಿ ಪರೀಕ್ಷಿಸಿದಾಗ, ಅಲ್ಲಿನ ಹಳದಿಗಣ್ಣು ಹೊರಗಡಲಿನದಕ್ಕಿಂತ ಬೇರೆಯಾಗಿದೆ ಎಂದು ಖಚಿತವಾಯಿತು. ಜೊತೆಗೆ ಪಟ್ಟಿ ಸೇರಿದ್ದ ಕ್ಯಾನರಿ ಬಂಡೆಮೀನಿನಲ್ಲಿ ಅಂಥ ಭೇದ ಕಾಣದ್ದರಿಂದ 2017ರಲ್ಲಿ ಅದನ್ನು ಕೈಬಿಡಲಾಯಿತು. ಒಳಗಡಲಿನ ಹಳದಿಗಣ್ಣು ಅಳಿದರೆ ಹೊರಗಡಲಿನಿಂದ ಬಂದು ತುಂಬಿಕೊಳ್ಳುವ ಭರವಸೆ ಇಲ್ಲ ಎಂಬುದು ಇದರ ಅರ್ಥ. ಆ ಒಳಗಡಲಿನಲ್ಲಿ ಕಳೆದುಹೋದ ಸಾವಿರಾರು ಬಲೆಗಳನ್ನು ಎತ್ತಲಾಗಿದೆ, ಆದರೆ ಮುಳುಗುಗಾರರು ತಲುಪಲಾರದ ಆಳದಲ್ಲಿ ಬಂಡೆಗೆ ಸಿಕ್ಕಿಕೊಂಡವು ಹಾಗೇ ಮೀನು ಹಿಡಿಯುತ್ತಿವೆ. ಅಲಾಸ್ಕಾದ ಆಗ್ನೇಯ ಭಾಗದಲ್ಲಿ ನೀರೊಳಗಿನ ವಾಹನಗಳಿಂದ ಬಂಡೆಗಳನ್ನೇ ನೋಡಿ ಎಣಿಸುವ ಪದ್ಧತಿ ಹಲವು ವರ್ಷದಿಂದ ಇದೆ. ಸಂಖ್ಯೆ ಇಳಿಯುತ್ತಿದೆ ಎಂದು ಕಂಡ ಮೇಲೆ 2020ರಲ್ಲಿ ಅಲ್ಲಿ ಹಳದಿಗಣ್ಣನ್ನು ಇಟ್ಟುಕೊಳ್ಳುವುದನ್ನು ಹವ್ಯಾಸಿಗಳಿಗೆ ನಿಲ್ಲಿಸಲಾಯಿತು. ಕಣ್ಣಿನಿಂದ ನೋಡಿ ಎಣಿಸಿದವರಿಗೆ ಕುಸಿತ ಕಾಣಿಸಿತು ಎಂಬುದು ಗಮನಿಸಬೇಕಾದ ಸಂಗತಿ.

ಇದರ ಮೇಲೆ ನೀರೂ ಬದಲಾಗುತ್ತಿದೆ. ಆರೆಗಾನ್ ಕರಾವಳಿಯಲ್ಲಿ 2002ರಿಂದ ಬೇಸಿಗೆಯಲ್ಲಿ ಆಮ್ಲಜನಕ ತೀರಾ ಕಡಿಮೆಯಾದ ನೀರು ತಳಕ್ಕೆ ಬಂದು ಸೇರುವುದು ಮತ್ತೆ ಮತ್ತೆ ಕಂಡಿದೆ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಆಮ್ಲಜನಕ ಕೊರತೆಯ ಪದರ 1980ರ ದಶಕದಿಂದ ಮೇಲ್ಮುಖವಾಗಿ ಸರಿದಿದೆ. ಬೇರೆ ಮೀನುಗಳು ಇಂಥ ನೀರಿನಿಂದ ದೂರ ಈಜಿ ಹೋಗುತ್ತವೆ. ಒಂದು ಬಂಡೆಗೆ ಅಂಟಿಕೊಂಡು ಬದುಕುವ ಮೀನು ಬಿಟ್ಟು ಹೋದರೆ ಮುಂದಿನ ಬಂಡೆಗೆ ಕೆಸರಿನ ಬಯಲು ದಾಟಬೇಕು. ಬಂಡೆಗಳ ನಡುವೆ ಆಸರೆಯಾಗುವ ಹವಳ, ಸ್ಪಂಜುಗಳನ್ನು ಈಗ ಉಳಿಸುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ತೆರೆಯುತ್ತಿರುವ ಕಡಲಿನಲ್ಲಿ ಮಾಡಬೇಕಾದದ್ದೇನು? ತೆರೆದ ಯೋಜನೆಗಳಲ್ಲೇ ಒಳ್ಳೆಯ ಅಂಶವೊಂದಿದೆ. 2020ರಲ್ಲಿ ಹಳೆಯ ಪಟ್ಟಿಯನ್ನು ತೆರೆದಾಗ, ಹವಳ ಮತ್ತು ಸ್ಪಂಜು ಇರುವ ಹೊಸ ಜಾಗಗಳನ್ನು ತಳ ಮುಟ್ಟುವ ಟ್ರಾಲ್‌ಗೆ ಮುಚ್ಚಲಾಯಿತು. 2024ರಲ್ಲೂ ಹವಳದ ಕೆಲವು ತಾಣಗಳಿಗೆ ರಕ್ಷಣೆ ಸಿಕ್ಕಿತು. ಆಳದ ರೇಖೆಯ ಬದಲು ಬಂಡೆಯನ್ನೇ ನೋಡಿ ಗಡಿ ಹಾಕುವ ಈ ದಾರಿ ಸರಿಯಾದದ್ದು. ಇದನ್ನು ಮುಂದುವರಿಸಬೇಕು. ಮೀನು ಹೆಚ್ಚಿತೆಂದು ಮುಂದೊಂದು ದಿನ ಈ ತಾಣಗಳನ್ನೂ ತೆರೆಯುವ ಒತ್ತಡ ಬಂದರೆ, ಅಲ್ಲಿಯ ಹವಳ ಮೀನಿಗಿಂತ ನಿಧಾನವಾಗಿ ಬೆಳೆಯುತ್ತದೆ ಎಂಬುದೇ ಅದಕ್ಕೆ ಉತ್ತರವಾಗಬೇಕು. ಚೇತರಿಕೆಯ ವರದಿಯಲ್ಲಿ ಒಟ್ಟು ತೂಕದ ಪಕ್ಕದಲ್ಲೇ ವಯಸ್ಸಿನ ಹಂಚಿಕೆಯೂ ಇರಬೇಕು: ಐವತ್ತು ದಾಟಿದ ಹೆಣ್ಣುಮೀನುಗಳ ಪಾಲು ಎಷ್ಟು ಎಂಬ ಅಂಕಿ ಇಲ್ಲದೆ ಮಿತಿ ಏರಿಸುವುದು ಆತುರ. ಅಲಾಸ್ಕಾದಲ್ಲಿ ನಡೆಯುವಂತೆ ಬಂಡೆಗಳನ್ನೇ ನೋಡಿ ಎಣಿಸುವ ಸರ್ವೇಕ್ಷಣೆಗೆ ದಕ್ಷಿಣದ ರಾಜ್ಯಗಳಲ್ಲೂ ಖಾಯಂ ಹಣ ಬೇಕು. ಸರ್ವೇಕ್ಷಣೆಯ ಹಣವನ್ನು ಮೊದಲು ಕಡಿತ ಮಾಡುವುದು ಸುಲಭ, ಏಕೆಂದರೆ ಅದರ ಪರಿಣಾಮ ಕಾಣಲು ವರ್ಷಗಳು ಹಿಡಿಯುತ್ತವೆ.

2029ರಲ್ಲಿ ಗುರಿ ತಲುಪಿದರೂ ಆ ಶೇ 40ರಲ್ಲಿ ಎಳೆಯ ಮೀನುಗಳ ಪಾಲು ದೊಡ್ಡದಿರುತ್ತದೆ. 2015ರಲ್ಲಿ ಹುಟ್ಟಿದ ಹೆಣ್ಣುಮೀನಿಗೆ ಆಗ 14 ವರ್ಷ, ಅಂಥವುಗಳಲ್ಲಿ ಹೆಚ್ಚಿನವು ಇನ್ನೂ ಒಮ್ಮೆಯೂ ಮರಿ ಹಾಕಿರುವುದಿಲ್ಲ. ಹಾಗಾಗಿ ಆ ವರ್ಷದ ಘೋಷಣೆಯ ನಂತರವೂ ಕನಿಷ್ಠ ಒಂದು ದಶಕ ಮಿತಿಯನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಮಾತ್ರ ಏರಿಸಬೇಕು, ಮತ್ತು ಆಳಕ್ಕೆ ಮರಳಿ ಇಳಿಸುವ ಸಲಕರಣೆಯನ್ನು ಚೇತರಿಕೆಯ ನೆಪದಲ್ಲಿ ಐಚ್ಛಿಕ ಮಾಡಬಾರದು.